ಸೋಸಿದರೂ ಉಳಿದದ್ದು

ಹಾಜರಿ ಕರೆಯುವ ದಿನ ಬಿಟ್ಟರೆ ಅವರ ನಿಜವಾದ ಹೆಸರು ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ. ಬಾಗಿಲು ಕಾಯುವವರಿಂದ ಹಿಡಿದು ನಿರ್ದೇಶಕರವರೆಗೆ ಸಂಸ್ಥೆಯಲ್ಲಿ ಎಲ್ಲರಿಗೂ ಅವರು ಸಾಕಮ್ಮ. ಜೀವಕೋಶಗಳನ್ನು ಸಾಕುವುದು ಅವರ ಕೆಲಸ; ಯಾರೋ ತಮಾಷೆಗೆ ಕರೆದದ್ದು ಹಾಗೇ ಅಂಟಿಕೊಂಡಿತ್ತು. ಅವರಿಗೂ ಅದರಿಂದ ಬೇಸರವಿರಲಿಲ್ಲ. ಫೋನ್ ಎತ್ತಿದರೆ, "ಸಾಕಮ್ಮ ಮಾತಾಡ್ತಿದೀನಿ. ಕೋಶ ಬೇಕಾ, ಬುದ್ಧಿಮಾತು ಬೇಕಾ? ಕೋಶ ಆದ್ರೆ ನಾಡಿದ್ದು. ಬುದ್ಧಿಮಾತಾದ್ರೆ ಈಗ್ಲೇ," ಎನ್ನುತ್ತಿದ್ದರು.

ಆಸ್ಪತ್ರೆಗಳಿಗೆ ಪರೀಕ್ಷೆ ಮಾಡಿಕೊಡುವ ಸಂಸ್ಥೆ ಅದು. ಒಂದು ರೋಗಾಣು ನಮ್ಮ ಜೀವಕೋಶಕ್ಕೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಮೊದಲು ಆರೋಗ್ಯವಾದ ಕೋಶ ಕೈಯಲ್ಲಿರಬೇಕು. ಅಂಥ ಕೋಶಗಳನ್ನು ಬೆಳೆಸಿ ಕೇಳಿದವರಿಗೆ ಕೊಡುವ ಕೋಣೆ ನಡುಮಹಡಿಯ ಕೊನೆಯಲ್ಲಿತ್ತು. ಗೋಡೆ, ಮೇಜು, ಚಾವಣಿ ಎಲ್ಲ ಬಿಳಿ. ಒಳಗೆ ಹೋಗಬೇಕಾದರೆ ಚಪ್ಪಲಿ ಬದಲಿಸಬೇಕು, ಕೋಟು ಬದಲಿಸಬೇಕು, ಮೊಣಕೈವರೆಗೆ ಕೈ ತೊಳೆಯಬೇಕು. ನೆಗಡಿ ಇದ್ದವರಿಗೆ ಪ್ರವೇಶವಿಲ್ಲ. ನಿರ್ದೇಶಕರೇ ಒಮ್ಮೆ ಮೂಗೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಾಗ ಸಾಕಮ್ಮ ಗಾಜಿನಾಚೆಯಿಂದಲೇ ಕೈಮುಗಿದು ವಾಪಸ್ ಕಳಿಸಿದ್ದರು.

ಕೋಶಗಳು ಇರುವುದು ಚಪ್ಪಟೆ ತಳದ ಪಾರದರ್ಶಕ ಫ್ಲಾಸ್ಕಿನಲ್ಲಿ, ಗುಲಾಬಿ ಬಣ್ಣದ ಆಹಾರದ್ರವದ ಅಡಿಯಲ್ಲಿ. ಆ ದ್ರವಕ್ಕೆ ಸಂಸ್ಥೆಯಲ್ಲಿ ಎಲ್ಲರೂ ಮೀಡಿಯಾ ಎನ್ನುತ್ತಿದ್ದರು. ಬರಿಗಣ್ಣಿಗೆ ಕಾಣುವುದು ಆ ಗುಲಾಬಿ ಬಣ್ಣ ಮಾತ್ರ. ಸೂಕ್ಷ್ಮದರ್ಶಕದಡಿ ಇಟ್ಟರೆ ತಳಕ್ಕೆ ಅಂಟಿಕೊಂಡ ಕೋಶಗಳು ಕಾಣುತ್ತವೆ, ಅಂಗಳಕ್ಕೆ ಹಾಸಿದ ಕಲ್ಲುಗಳ ಹಾಗೆ, ಒಂದರ ಪಕ್ಕ ಒಂದು. ಕೋಶದ ಬದುಕಿಗೊಂದು ಕ್ರಮವಿದೆ. ಮೊದಲು ಬೆಳೆಯುತ್ತದೆ. ಆಮೇಲೆ ತನ್ನ ಡಿಎನ್‌ಎಯನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳುತ್ತದೆ. ನಕಲು ಸರಿಯಾಗಿದೆಯೇ, ಎಲ್ಲಾದರೂ ಎಳೆ ತುಂಡಾಗಿದೆಯೇ ಎಂಬ ತಪಾಸಣೆ ಒಳಗೇ ನಡೆಯುತ್ತದೆ. ಎಲ್ಲ ಸರಿಯಿದ್ದರೆ ಮಾತ್ರ ಕೋಶ ನೆಲದ ಹಿಡಿತ ಸಡಿಲಿಸಿ, ಗುಂಡಗಾಗಿ, ನಡುವೆ ಕಿರಿದಾಗಿ ಎರಡಾಗುತ್ತದೆ. ಎರಡೂ ಮತ್ತೆ ನೆಲ ಹಿಡಿದು ಮೊದಲಿನಿಂದ ಶುರು ಮಾಡುತ್ತವೆ. ಎರಡಾಗಲು ಹೊರಟ ಕೋಶ ಬೆಳಕಿನಲ್ಲಿ ಇಬ್ಬನಿಯ ಹನಿಯಂತೆ ಹೊಳೆಯುತ್ತದೆ. ಬೆಳಗ್ಗೆ ಬಂದವರೇ ಸಾಕಮ್ಮ ಹುಡುಕುತ್ತಿದ್ದದ್ದು ಆ ಹೊಳಪನ್ನು. ಕಂಡರೆ, "ಎದ್ರೇನ್ರಪ್ಪಾ? ಸರಿ, ತಿಂಡಿ ಕೊಡ್ತೀನಿ ತಡೀರಿ," ಎಂದು ಮೀಡಿಯಾ ಬದಲಿಸಲು ಕೂರುತ್ತಿದ್ದರು.

ಕೆಳಮಹಡಿಯ ಬ್ಯಾಕ್ಟೀರಿಯಾ ಕೋಣೆಯಲ್ಲಿ ಅವರ ನಾದಿನಿ ವಿಜ್ಞಾನಿಯಾಗಿದ್ದಳು. ಸಾಕಮ್ಮ ಮದುವೆಯಾಗಿ ಬಂದ ವರ್ಷವೇ ಅತ್ತೆ ತೀರಿಕೊಂಡಿದ್ದರು. ಆಗ ಗಂಡನ ಈ ತಂಗಿ ಮುಂದಿನ ಹಲ್ಲು ಬಿದ್ದ ಬಾಯಲ್ಲಿ ಪಾಠ ಒಪ್ಪಿಸುವ ವಯಸ್ಸಿನವಳು. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಪರೀಕ್ಷೆಗೆ ಎಬ್ಬಿಸಿದ್ದು ಎಲ್ಲ ಸಾಕಮ್ಮನೇ. ರಜಾದಿನವೊಂದರಲ್ಲಿ ಸಂಸ್ಥೆಗೆ ಕರೆತಂದು, ಈರುಳ್ಳಿಯ ತೆಳು ಪೊರೆಯನ್ನು ಗಾಜಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡುವುದನ್ನು ಕಲಿಸಿದ್ದೂ ಅವರೇ. "ಅತ್ತಿಗೆ, ಇದ್ರೊಳಗೆ ಮನೆಗಳಿವೆ!" ಎಂದು ಹುಡುಗಿ ಕೂಗಿದ್ದಳು. ಅವಳು ಓದಿ, ಆ ಸಂಸ್ಥೆಗೇ ಕೆಲಸಕ್ಕೆ ಬಂದ ದಿನ ಸಾಕಮ್ಮ ಅವಳ ಹೊಸ ಕೋಟಿನ ಕಾಲರು ಸರಿಮಾಡಿದ್ದನ್ನು ಇಡೀ ಮೆಟ್ಟಿಲಸಾಲು ನೋಡಿತ್ತು. ಸಾಕಮ್ಮನಿಗೆ ಬೇರೆ ಮಕ್ಕಳಿರಲಿಲ್ಲ. ಅವಳನ್ನು ಅವರು ಕರೆಯುತ್ತಿದ್ದದ್ದು "ಮರಿ" ಎಂದು, ಸಂಸ್ಥೆಯಲ್ಲೂ.

ನಾದಿನಿ ಕೆಲಸ ಮಾಡುತ್ತಿದ್ದದ್ದು ಮಕ್ಕಳ ಭೇದಿಯ ಮಾದರಿಗಳಲ್ಲಿ ಸಿಗುವ ಒಂದು ಬ್ಯಾಕ್ಟೀರಿಯಾದ ವಿಷದ ಮೇಲೆ. ಸಂಜೆಯ ಊಟಕ್ಕೆ ಮೂವರೂ ಕೂತಾಗ ಅದರ ಮಾತು ಬರದೆ ಇರುತ್ತಿರಲಿಲ್ಲ.

"ಊಟಕ್ಕೆ ಕೂತಾಗ ಭೇದಿ ವಿಷಯ ಎತ್ತಬಾರದು ಅಂತ ಈ ಮನೇಲಿ ಒಂದು ಕಾನೂನು ಮಾಡ್ಬೇಕು," ಎನ್ನುತ್ತಿದ್ದರು ಸಾಕಮ್ಮನ ಗಂಡ. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವರು.

"ಭೇದಿ ಅಲ್ಲ ಅಣ್ಣ, ಬರೀ ವಿಷ. ಮೂರು ತುಂಡಿನ ವಿಷ. ಎರಡು ತುಂಡು ಕೋಶದ ಬಾಗಿಲು ತೆಗೆಸೋಕೆ. ಮೂರನೇದು ಒಳಗೆ ನುಗ್ಗಿ ಡಿಎನ್‌ಎ ಎಳೆ ಕತ್ತರಿಸೋಕೆ. ಎಳೆ ತುಂಡಾಯ್ತು ಅಂತ ಗೊತ್ತಾದ ತಕ್ಷಣ ಕೋಶ ಬ್ರೇಕ್ ಹಾಕುತ್ತೆ. ರಿಪೇರಿ ಆಗೋವರೆಗೂ ಎರಡಾಗಲ್ಲ ಅಂತ ಹಠ."

"ಒಳ್ಳೇದೇ ಅಲ್ವಾ?" ಎಂದರು ಸಾಕಮ್ಮ.

"ಒಳ್ಳೇದೇ ಅತ್ತಿಗೆ. ಆದ್ರೆ ಬೆಳೆಯೋದನ್ನ ನಿಲ್ಸಲ್ಲ. ಉಬ್ಬುತ್ತೆ, ಹರಡ್ಕೊಳ್ಳುತ್ತೆ, ಎರಡಾಗಲ್ಲ. ಕೊನೆಗೆ ಹಾಗೇ ಸಾಯುತ್ತೆ."

"ನಮ್ಮ ಅಂಗಡಿ ಯಜಮಾನ್ರ ಥರ," ಎಂದರು ಗಂಡ.

"ನಗ್ಬೇಡಿ ಅಣ್ಣ. ಕರುಳಿನ ಒಳಗೋಡೆ ದಿನಾ ಹೊಸದಾಗ್ತಿರ್ಬೇಕು. ಕೋಶ ಎರಡಾಗ್ದೆ ಕೂತ್ರೆ ಸವೆದ ಗೋಡೆ ತುಂಬೋರು ಯಾರು? ಬ್ಯಾಕ್ಟೀರಿಯಾಗೆ ಬೇಕಾಗಿರೋದೇ ಅದು."

ಅವಳ ಪರೀಕ್ಷೆಯ ಕ್ರಮ ಹೀಗೆ: ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಅತಿ ಸಣ್ಣ ರಂಧ್ರಗಳ ಫಿಲ್ಟರಿನಲ್ಲಿ ಸೋಸುವುದು. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ; ಅದು ಉಗುಳಿದ ವಿಷ ರಂಧ್ರಕ್ಕಿಂತ ಎಷ್ಟೋ ಪಾಲು ಸಣ್ಣದು, ತಿಳಿನೀರಿನೊಂದಿಗೆ ಕೆಳಗೆ ಇಳಿಯುತ್ತದೆ. ಆ ತಿಳಿಯನ್ನು ಸಾಕಮ್ಮನ ಮೀಡಿಯಾದಲ್ಲಿ ಬೆರೆಸಿ, ಸಾಕಮ್ಮನ ಕೋಶಗಳ ಮೇಲೆ ಹಾಕಿ, ಕೆಲವು ದಿನ ಬಿಟ್ಟು ನೋಡುವುದು. ಕೋಶ ಉಬ್ಬಿದರೆ ಆ ಮಗುವಿನ ಮಾದರಿಯಲ್ಲಿ ವಿಷವಿತ್ತು ಎಂದರ್ಥ.

ಬಿಳಿ ಕೋಣೆಗೆ ಸಾಕಮ್ಮ ಮಾಡಿದ ಒಂದು ನಿಯಮವಿತ್ತು. ಅಲ್ಲಿಂದ ಬೇರೆಯವರ ಕೈಗೆ ಹೋದ ಫ್ಲಾಸ್ಕಾಗಲಿ ಬಾಟಲಿಯಾಗಲಿ ಮತ್ತೆ ಒಳಗೆ ಬರಬಾರದು. ತೆರೆಯದೇ ಇದ್ದರೂ ಬರಬಾರದು. ಹೀಗಾಗಿ ವಿಷ ತಗುಲಿದ ತಮ್ಮ ಕೋಶಗಳು ಕೊನೆಗೆ ಹೇಗಾಗುತ್ತವೆ ಎಂಬುದನ್ನು ಅವರು ಕೇಳಿ ತಿಳಿದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮೀಡಿಯಾ ಬಾಟಲಿಗಳು ಇರುತ್ತಿದ್ದದ್ದು ಮಾತ್ರ ಮೊಗಸಾಲೆಯ ಶೀತಕೋಣೆಯಲ್ಲಿ. ಅಲ್ಲಿ ಒಂದೊಂದು ಕೋಣೆಗೆ ಒಂದೊಂದು ಹಲಗೆ, ಬೀಗವಿರಲಿಲ್ಲ. ಒಬ್ಬರ ಹಲಗೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ ಎಂಬ ನಂಬಿಕೆಯೇ ಬೀಗ.

ಆ ವರ್ಷ ಮೀಡಿಯಾ ಸರಬರಾಜು ತಡವಾಯಿತು. ಇದ್ದ ಬಾಟಲಿಗಳನ್ನೇ ಎಲ್ಲರೂ ಎಳೆದಾಡಿಕೊಂಡು ಬಳಸುತ್ತಿದ್ದರು. ಅದೇ ಹೊತ್ತಿಗೆ ಬ್ಯಾಕ್ಟೀರಿಯಾ ಕೋಣೆಯ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ನಾದಿನಿಯ ಹೆಸರು ಕೇಳಿಬರುತ್ತಿತ್ತು. ಸಾಕಮ್ಮ ಅದನ್ನು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಆಡಿದರೆ ದೃಷ್ಟಿ ತಾಗೀತು ಎಂಬಂತೆ ತುಟಿ ಬಿಗಿಹಿಡಿದು ಓಡಾಡುತ್ತಿದ್ದರು.

ಒಂದು ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ಹೊಳಪು ಕಾಣಲಿಲ್ಲ. ಇನ್ನೊಂದು ಫ್ಲಾಸ್ಕ್ ಇಟ್ಟರು, ಅದರಲ್ಲೂ ಇಲ್ಲ. ಕೋಶಗಳು ಸತ್ತಿರಲಿಲ್ಲ, ಸತ್ತಿದ್ದರೆ ನೆಲ ಬಿಟ್ಟು ತೇಲುತ್ತಿದ್ದವು. ಇವು ಕಾವಲಿಗೆ ಒಡೆದು ಹಾಕಿದ ಮೊಟ್ಟೆಯ ಹಾಗೆ ಅಗಲಕ್ಕೆ ಹರಡಿಕೊಂಡು, ನಡುವೆ ದೊಡ್ಡ ನ್ಯೂಕ್ಲಿಯಸ್ ಇಟ್ಟುಕೊಂಡು ಸುಮ್ಮನೆ ಕೂತಿದ್ದವು. ಒಂದು ಕೋಶದ ಜಾಗದಲ್ಲಿ ಮೊದಲು ನಾಲ್ಕೈದು ಹಿಡಿಯುತ್ತಿದ್ದವು.

ಸಾಕಮ್ಮ ಫೋನ್ ಮಾಡಿದರು. "ಮರಿ, ಸ್ವಲ್ಪ ಮೇಲೆ ಬಾ. ನಿನ್ನ ಕಣ್ಣು ಬೇಕು."

ನಾದಿನಿ ಬಂದು, ಚಪ್ಪಲಿ ಬದಲಿಸಿ, ಕೈ ತೊಳೆದು ಕೂತಳು. ಬಹಳ ಹೊತ್ತು ನೋಡಿದಳು. ಚಿತ್ರ ಸ್ಪಷ್ಟವಾಗಿಯೇ ಇದ್ದರೂ ತಿರುಪನ್ನು ಹಿಂದೆ ಮುಂದೆ ತಿರುಗಿಸಿದಳು.

"ಸುಸ್ತಾಗಿವೆ ಅನ್ಸುತ್ತೆ ಅತ್ತಿಗೆ. ಇವನ್ನ ತುಂಬಾ ದಿನದಿಂದ ಬೆಳೆಸ್ತಾನೇ ಇದೀರಲ್ಲ."

"ನಿನ್ನ ವಿಷದ್ದೇನಾದ್ರೂ ಇರಬಹುದಾ? ನೀನು ಉಬ್ಬುತ್ತೆ ಅಂತಿದ್ಯಲ್ಲ, ಹಾಗೆ."

ನಾದಿನಿ ಕಣ್ಣನ್ನು ಸೂಕ್ಷ್ಮದರ್ಶಕದಿಂದ ತೆಗೆಯಲಿಲ್ಲ. "ಅದು ನನ್ನ ಕೋಣೆ ಬಿಟ್ಟು ಇಲ್ಲಿಗೆ ಹೇಗೆ ಬರುತ್ತೆ? ಇಲ್ಲಿಂದ ಹೋದದ್ದು ಯಾವ್ದೂ ವಾಪಸ್ ಬರಲ್ಲ ಅಂತ ನೀವೇ ಹೇಳೋದು."

"ಅದೂ ನಿಜ," ಎಂದರು ಸಾಕಮ್ಮ. ಕೇಳಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. ಮಾತು ಬದಲಿಸಲು, "ತಿಂಡಿ ಡಬ್ಬಿ ತಂದ್ಯಾ, ಮೇಜಿನ ಮೇಲೇ ಬಿಟ್ಟು ಬಂದ್ಯಾ?" ಎಂದು ಕೇಳಿದರು.

ಆದರೂ ಅನುಮಾನ ಬಗೆಹರಿಯಲಿಲ್ಲ. ಕೋಶ ಕೆಟ್ಟರೆ ಮೊದಲು ನೋಡಬೇಕಾದದ್ದು ಅದರ ಆಹಾರವನ್ನು. ಆ ದಿನಗಳಲ್ಲಿ ಬಳಸಿದ ದೊಡ್ಡ ಬಾಟಲಿಯಲ್ಲಿ ಇನ್ನೂ ಅರ್ಧ ಮೀಡಿಯಾ ಉಳಿದಿತ್ತು. ಚೆಲ್ಲಿಬಿಡೋಣ ಎಂದು ಅದನ್ನು ಬದಿಗಿಟ್ಟರು. ಚೆಲ್ಲುವ ಮೊದಲು ಒಂದಿಷ್ಟನ್ನು ಪರೀಕ್ಷೆಗೆಂದು ಕೆಳಗೆ ಕಳಿಸಿದರು. ಅಂಥ ಪರೀಕ್ಷೆ ಮಾಡುವುದು ಬ್ಯಾಕ್ಟೀರಿಯಾ ಕೋಣೆಯೇ: ದ್ರವವನ್ನು ತಟ್ಟೆಯ ಮೇಲೆ ಹರಡಿ, ಬೆಚ್ಚಗಿಟ್ಟು, ಏನಾದರೂ ಹುಟ್ಟುತ್ತದೆಯೇ ನೋಡುವುದು. ನಾದಿನಿ ತಾನೇ ಮಾಡಿದಳು. ತಟ್ಟೆಯನ್ನು ತಂದು ತೋರಿಸಿದಳು. ಒಂದು ಚುಕ್ಕೆಯೂ ಇರಲಿಲ್ಲ.

"ಏನೂ ಬೆಳೆದಿಲ್ಲ ಅತ್ತಿಗೆ."

"ಹಾಗಾದ್ರೆ ಚೆಲ್ಲೋದು ಬೇಡ. ಇರೋದೇ ಇಷ್ಟು."

ನಾದಿನಿ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಕೆಳಗೆ ಇಳಿದು ಹೋದಳು.

ಸಾಕಮ್ಮ ದ್ರವ ಸಾರಜನಕದ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ ಹಳೆಯ ಕೋಶಗಳನ್ನು ಹೊರತೆಗೆದು, ಕರಗಿಸಿ, ಆ ಬಾಟಲಿಯ ಮೀಡಿಯಾ ಹಾಕಿಯೇ ಬೆಳೆಸಲು ಇಟ್ಟರು. ವಾರ ಕಳೆಯುವುದರೊಳಗೆ ಅವೂ ಉಬ್ಬಿ ಕೂತವು.

ಈ ನಡುವೆ ಆಸ್ಪತ್ರೆಗಳಿಗೆ ಉತ್ತರ ಹೋಗದೆ ನಿಂತಿತ್ತು. ನಿರ್ದೇಶಕರು ಇನ್ನೊಂದು ಊರಿನ ಸಂಸ್ಥೆಯಿಂದ ಕೋಶ ಬೆಳೆಸುವವರೊಬ್ಬರನ್ನು ಕರೆಸಿದರು. ನರೆತ ಮೀಸೆಯ, ಮಾತು ಕಡಿಮೆಯ ಮನುಷ್ಯ. ಅವರು ಬರುವಾಗ ತಮ್ಮ ಸಂಸ್ಥೆಯ ಮೀಡಿಯಾವನ್ನೇ ಹೊತ್ತು ತಂದಿದ್ದರು. ಅದೇ ಡಬ್ಬಿಯಿಂದ ಕೋಶ ತೆಗೆದು, ಅದೇ ಮೇಜಿನ ಮೇಲೆ ಬೆಳೆಸಿದರು. ಫ್ಲಾಸ್ಕಿನ ತುಂಬ ಹನಿ ಹನಿ ಹೊಳಪು.

ಸಭೆ ನಿರ್ದೇಶಕರ ಕೋಣೆಯಲ್ಲಿ, ಮೇಲಿನ ಮಹಡಿಯಲ್ಲಿ ನಡೆಯಿತು. ನಿರ್ದೇಶಕರು ಕಟುವಾದವರಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೇಳಿದರು. "ಅದೇ ಕೋಶ, ಅದೇ ಕೋಣೆ, ಅದೇ ಇನ್‌ಕ್ಯುಬೇಟರ್. ಇವರ ಕೈಯಲ್ಲಿ ಬೆಳೀತಿದೆ. ನಿಮ್ಮ ಕೈಯಲ್ಲಿ ಇಲ್ಲ. ನಾನು ಏನು ಅಂದ್ಕೊಳ್ಳಲಿ ಸಾಕಮ್ಮನವರೇ?"

"ಮೀಡಿಯಾ ಬೇರೆ ಸರ್. ಅದೊಂದೇ."

ನಿರ್ದೇಶಕರು ನಾದಿನಿಯ ಕಡೆ ತಿರುಗಿದರು. "ಮೀಡಿಯಾ ನೀವು ನೋಡಿದ್ರಲ್ಲ?"

"ನೋಡಿದೆ ಸರ್. ಬ್ಯಾಕ್ಟೀರಿಯಾ ಇಲ್ಲ."

ಅದು ಸುಳ್ಳಲ್ಲ. ಅದರಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ.

ಬಿಳಿ ಕೋಣೆ ನರೆತ ಮೀಸೆಯವರ ಕೈಗೆ ಹೋಯಿತು. ಸಾಕಮ್ಮನನ್ನು ಅದೇ ಮಹಡಿಯ ತೊಳೆಯುವ ಕೋಣೆಗೆ ಹಾಕಿದರು, ಸದ್ಯಕ್ಕೆ ಎಂದು. ಸದ್ಯ ಎಂದರೆ ಎಷ್ಟು ಎಂದು ಯಾರೂ ಹೇಳಲಿಲ್ಲ. ಅಲ್ಲಿ ಆಟೋಕ್ಲೇವ್ ಎಂಬ ದೊಡ್ಡ ಹಬೆಯಂತ್ರ, ಬಳಸಿದ ಗಾಜಿನ ಸಾಮಾನಿನ ಬುಟ್ಟಿಗಳು, ಸೋಪಿನ ನೀರು ಹರಿದು ಹರಿದು ಕಂದಿದ ಕಲ್ಲಿನ ತೊಟ್ಟಿ. ಹೊಸಬರು ಶೀತಕೋಣೆಯಲ್ಲಿದ್ದ ಹಳೆಯ ಬಾಟಲಿಗಳನ್ನೆಲ್ಲ ಚೆಲ್ಲಿ ತೊಳೆಯಲು ಕಳಿಸಿದರು. ಆ ದೊಡ್ಡ ಬಾಟಲಿಯನ್ನೂ ಸಾಕಮ್ಮನೇ ತೊಳೆದರು.

ಅದೇ ತಿಂಗಳು ನಾದಿನಿ ಬ್ಯಾಕ್ಟೀರಿಯಾ ಕೋಣೆಯ ಮುಖ್ಯಸ್ಥೆಯಾದಳು. ಸಾಕಮ್ಮ ಅವಳ ಕೋಟಿಗೆ ಇಸ್ತ್ರಿ ಹಾಕಿಕೊಟ್ಟರು. "ಮುಖ್ಯಸ್ಥರು ಮುದುರಿಕೊಂಡ ಕೋಟಲ್ಲಿ ಹೋದ್ರೆ ಬ್ಯಾಕ್ಟೀರಿಯಾನೂ ನಗುತ್ತೆ," ಎಂದರು. ನಾದಿನಿ ನಕ್ಕಳು, ಬೇಗ ಹೊರಟುಹೋದಳು. ಈಚೆಗೆ ಅವಳು ಊಟಕ್ಕೂ ಬೇಗ ಏಳುತ್ತಿದ್ದಳು. ಹೊಸ ಜವಾಬ್ದಾರಿ, ಪಾಪ, ಎಂದುಕೊಂಡರು ಸಾಕಮ್ಮ.

ಅವರಿಗೆ ತಮ್ಮ ಮೇಲೆಯೇ ಸಂಶಯ ಶುರುವಾಗಿತ್ತು. ಒಂದು ರಜೆಯ ಬೆಳಗ್ಗೆ ಗಂಡನ ಅಂಗಡಿಗೆ ಹೋಗಿ, ಕಣ್ಣು ಪರೀಕ್ಷಿಸುವ ಕುರ್ಚಿಯಲ್ಲಿ ಕೂತರು. "ನೋಡ್ರೀ, ನನ್ನ ಕಣ್ಣು ಏನೋ ಆಗಿರ್ಬೇಕು. ಯಾವ್ದೋ ಬಾಟಲಿ ಅಂತ ಯಾವ್ದೋ ಹಾಕಿದೀನೋ ಏನೋ."

ಗಂಡ ಗಾಜು ಬದಲಿಸುತ್ತ ಅಕ್ಷರ ಓದಿಸಿದರು. ಕೊನೆಯ ಸಾಲಿನವರೆಗೂ ಸಾಕಮ್ಮ ತಪ್ಪಿಲ್ಲದೆ ಓದಿದರು.

"ಕಣ್ಣು ಚೆನ್ನಾಗಿದೆ."

"ಹಾಗಾದ್ರೆ ಕೈ." ಸಾಕಮ್ಮ ಎರಡೂ ಕೈಗಳನ್ನು ಅವರ ಮುಂದೆ ಚಾಚಿದರು. "ನಡುಗುತ್ತಾ ನೋಡಿ. ನಿಜ ಹೇಳಿ."

ಆ ಕೈಗಳನ್ನು ನೋಡುತ್ತ ನಿಂತ ಗಂಡನಿಗೆ ತಡೆಯಲಾಗಲಿಲ್ಲ. "ನಿನ್ನ ಕೈಗೇನೂ ಆಗಿಲ್ಲ, ಇವಳೇ. ಸೋಸಿದ ಮೇಲೂ ಒಳಗೆ ಉಳ್ಕೊಂಡಿದ್ರೆ ನೀನು ತಾನೇ ಏನು ಮಾಡ್ತೀಯ?"

ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಯಂತ್ರ ತಿರುಗುತ್ತಲೇ ಇತ್ತು. ಸಾಕಮ್ಮ ಕೈ ಕೆಳಗಿಳಿಸಿದರು.

"ಏನನ್ನ ಸೋಸಿದ ಮೇಲೆ?"

ಗಂಡ ಕೈಯಲ್ಲಿದ್ದ ಗಾಜನ್ನು ಡಬ್ಬಿಗೆ ಹಾಕಿದರು.

"ನನ್ನ ಕೋಣೇಲಿ ಸೋಸೋದು ಅನ್ನೋ ಕೆಲಸವೇ ಇಲ್ಲ. ಬಾಟಲಿ ತೆಗೆಯೋದು, ಹಾಕೋದು, ಅಷ್ಟೆ. ಸೋಸಿದ್ದು ಯಾರು ರೀ?"

ಗಂಡ ಹೋಗಿ ಯಂತ್ರ ನಿಲ್ಲಿಸಿ ಬಂದರು. ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. "ಅವಳು ಬೇಕಂತ ಮಾಡಿಲ್ಲ. ಗಡಿಬಿಡೀಲಿ ಆಗಿದ್ದು. ನನ್ನ ಹತ್ರ ಅತ್ಕೊಂಡು ಹೇಳಿದ್ಲು."

"ಯಾವಾಗ?"

"ನೀನು ಕೋಣೆ ಬಿಡೋಕೆ ಮುಂಚೆ."

ಮುಂಚೆ. ಅವರು ಕೋಣೆಯ ಬೀಗದ ಕೈ ಕೊಟ್ಟು ಬಂದ ದಿನ ಈ ಮನುಷ್ಯ ಕಾಫಿ ಮಾಡಿಕೊಟ್ಟು, ಹೋಗ್ಲಿ ಬಿಡು ಎಂದು ಬೆನ್ನು ಸವರಿದ್ದರು.

"ಅವಳ ಬಡ್ತಿ ಬಾಗಿಲಲ್ಲಿತ್ತು," ಎಂದರು ಗಂಡ. "ನಿನಗೆ ಇನ್ನೆಷ್ಟು ವರ್ಷ ಕೆಲಸ? ಅವಳಿಗೆ ಪೂರ್ತಿ ಮುಂದಿದೆ. ಮನೆ ಮಾತು ಮನೆಯವರಲ್ಲೇ ಇರಲಿ ಅಂತ..."

"ನಾನು ಮನೆಯವಳಲ್ವಾ ರೀ?"

ಸಾಕಮ್ಮ ತಮ್ಮ ಹಳೆಯ ಕನ್ನಡಕವನ್ನೇ ಹಾಕಿಕೊಂಡು ಹೊರಗೆ ಬಂದರು.

ಮರುದಿನ ಬೆಳಗ್ಗೆ ಸಂಸ್ಥೆಯಲ್ಲಿ ಅವರು ಮೊದಲು ಹೋದದ್ದು ಕೆಳಮಹಡಿಗೆ. ನಾದಿನಿ ತನ್ನ ಹೊಸ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅಣ್ಣ ಹಿಂದಿನ ದಿನವೇ ಫೋನ್ ಮಾಡಿ ಹೇಳಿರಬೇಕು; ರಾತ್ರಿ ಅವಳು ಮನೆಗೆ ಬಂದಿರಲಿಲ್ಲ. ಅತ್ತಿಗೆಯನ್ನು ನೋಡಿದವಳೇ ಎದ್ದು ಬಾಗಿಲು ಮುಚ್ಚಿದಳು.

"ಹೇಳು," ಎಂದರು ಸಾಕಮ್ಮ. "ನನಗೆ ಅರ್ಥ ಆಗೋ ಹಾಗೆ, ಮೊದಲಿಂದ."

ನಾದಿನಿ ಹೇಳಿದಳು. ವಿಷ ಬೆರೆಸಲು ಒಂದು ಬಾಟಲಿ ಮೀಡಿಯಾ ತಂದುಕೊಂಡಿದ್ದಳು. ಕೆಲಸದ ನಡುವೆ ದ್ರವ ಹೀರಲು ಬಳಸಿದ ಪಿಪೆಟ್ಟನ್ನೇ ಮತ್ತೆ ಬಾಟಲಿಗೆ ಅದ್ದಿಬಿಟ್ಟಳು. ಇಡೀ ಬಾಟಲಿ ಚೆಲ್ಲಬೇಕಾಗಿತ್ತು. ಮೀಡಿಯಾ ಸಿಗದ ಕಾಲ, ಕೇಳಿದರೆ ಏನು ಹೇಳುವುದು? ಫಿಲ್ಟರಿನಲ್ಲಿ ಸೋಸಿ, ಶುದ್ಧವಾದ ಬಾಟಲಿಗೆ ತುಂಬಿ, 'ಇನ್ನು ಭಯವಿಲ್ಲ' ಎಂದುಕೊಂಡು ಶೀತಕೋಣೆಯಲ್ಲಿ ಬಿಳಿ ಕೋಣೆಯ ಹಲಗೆಯಲ್ಲೇ ಇಟ್ಟುಬಂದಳು.

"ಸೋಸಿದ್ರೆ ಕ್ಲೀನ್ ಅಂತ ಕೈಗೆ ಅಭ್ಯಾಸ ಅತ್ತಿಗೆ. ದಿನಾ ಅದೇ ಕೆಲಸ. ಆ ಪಿಪೆಟ್ಟಲ್ಲಿ ಇದ್ದದ್ದು ಮೊದಲೇ ಸೋಸಿದ ತಿಳಿ ಅಂತ ಆಗ ಹೊಳೀಲೇ ಇಲ್ಲ. ಬ್ಯಾಕ್ಟೀರಿಯಾ ಅದರಲ್ಲಿ ಮೊದ್ಲೇ ಇರ್ಲಿಲ್ಲ. ವಿಷ ಮಾತ್ರ ಇತ್ತು. ಅದನ್ನ ಫಿಲ್ಟರ್ ಹಿಡಿಯಲ್ಲ."

"ಇದನ್ನ ನೀನೇ ನನಗೆ ಊಟಕ್ಕೆ ಕೂತಾಗ ಹೇಳ್ಕೊಟ್ಟಿದ್ದು."

"ಹೌದು."

"ಗಡಿಬಿಡೀಲಿ ಆಗುತ್ತೆ, ನನಗೂ ಆಗಿದೆ. ಅದನ್ನ ಕೇಳೋಕೆ ಬಂದಿಲ್ಲ ನಾನು. ಅವತ್ತು ನಾನು ಕರೆದಾಗ ಬಂದ್ಯಲ್ಲ. ಮೈಕ್ರೋಸ್ಕೋಪಲ್ಲಿ ನೋಡಿದ್ಯಲ್ಲ. ಆಗ ಗೊತ್ತಾಯ್ತಾ?"

ನಾದಿನಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನಾನು ದಿನಾ ನೋಡೋ ಆಕಾರ ಅತ್ತಿಗೆ ಅದು. ನೋಡಿದ ತಕ್ಷಣ ಗೊತ್ತಾಯ್ತು."

"ನಾನು ನಿನ್ನ ಕೇಳಿದೆ. ಬಾಯಿಬಿಟ್ಟು ಕೇಳಿದೆ."

"ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ನೀವು ಮೀಡಿಯಾ ಪರೀಕ್ಷೆಗೆ ಕಳಿಸಿದ್ರಿ. ಆಮೇಲೆ ಸಭೆ. ಒಂದೊಂದು ದಿನ ಹೋದ ಹಾಗೂ ಹೇಳೋದು ಕಷ್ಟ ಆಗ್ತಾ ಹೋಯ್ತು. ಆದ್ರೆ ಅತ್ತಿಗೆ, ನಾನು ಸುಳ್ಳು ಹೇಳಿಲ್ಲ. ಬ್ಯಾಕ್ಟೀರಿಯಾ ಇಲ್ಲ ಅಂದೆ. ಇರ್ಲಿಲ್ಲ."

"ನೀನು ಇಲ್ಲ ಅಂದಿದ್ದಕ್ಕೇ ನಾನು ಅದನ್ನ ಚೆಲ್ಲಲಿಲ್ಲ, ಮರಿ. ಎರಡನೇ ಸಲ ಕೋಶಕ್ಕೆ ಅದನ್ನೇ ಹಾಕಿದೆ. ನಿನ್ನ ಎದುರಿಗೇ ಹೇಳಿದೆ, ಚೆಲ್ಲಲ್ಲ ಅಂತ. ನೀನು ತಟ್ಟೆ ಹಿಡ್ಕೊಂಡು ನಿಂತಿದ್ದೆ."

ನಾದಿನಿ ಅಳತೊಡಗಿದಳು. ಹಿಂದೆಲ್ಲ ಅವಳು ಅತ್ತಾಗ ಸಾಕಮ್ಮನ ಕೈ ತಾನಾಗಿ ಅವಳ ತಲೆಗೆ ಹೋಗುತ್ತಿತ್ತು. ಈಗಲೂ ಕೈ ಎದ್ದಿತು. ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ನನಗೆ ಆ ಕೋಣೆ ವಾಪಸ್ ಬೇಕು. ನನ್ನ ಹೆಸರೂ ವಾಪಸ್ ಬೇಕು. ನಿರ್ದೇಶಕರ ಹತ್ರ ನಾನು ಹೋಗಲ್ಲ. ನೀನು ಹೋಗಿ ಹೇಳು. ಆದದ್ದನ್ನ ಆದ ಹಾಗೆ."

"ಹೇಳ್ತೀನಿ ಅತ್ತಿಗೆ," ಎಂದಳು ನಾದಿನಿ.

ಆ ವಾರದಲ್ಲೇ ನಿರ್ದೇಶಕರು ಸಾಕಮ್ಮನನ್ನು ಕರೆಸಿದರು. ನಾದಿನಿ ಮೊದಲೇ ಅಲ್ಲಿ ಕೂತಿದ್ದಳು. ನಿರ್ದೇಶಕರ ಮುಖ ಹಗುರಾಗಿತ್ತು. "ಬನ್ನಿ ಸಾಕಮ್ಮನವರೇ, ಕೂತ್ಕೊಳ್ಳಿ. ಎಲ್ಲ ಗೊತ್ತಾಯ್ತು. ಇವರೇ ಬಂದು ಹೇಳಿದ್ರು. ನೀವು ಒಳ್ಳೇ ಮನಸ್ಸಿಂದಲೇ ಮಾಡಿದ್ದು, ಗೊತ್ತು. ಮೀಡಿಯಾ ಇರ್ಲಿಲ್ಲ. ಇವರ ಕೋಣೇಲಿ ಉಳಿದ ಬಾಟಲಿನ ನೀವೇ ವಾಪಸ್ ತಗೊಂಡ್ರಿ. ಇವರು ಪಾಪ ಸೋಸಿಯೇ ಕೊಟ್ಟಿದ್ರು. ಅದರಲ್ಲಿ ವಿಷದ ಅಂಶ ಉಳೀತು. ಇಬ್ಬರದ್ದೂ ಸ್ವಲ್ಪ ಸ್ವಲ್ಪ. ಮುಗೀತು. ಸೋಮವಾರದಿಂದ ನಿಮ್ಮ ಕೋಣೆ ನಿಮಗೆ."

ಸಾಕಮ್ಮ ನಾದಿನಿಯ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಹೂಂ ಎಂದರೆ ಸಾಕಿತ್ತು. ಸೋಮವಾರ ಬೆಳಗ್ಗೆ ಚಪ್ಪಲಿ ಬದಲಿಸಿ, ಕೈ ತೊಳೆದು, ಆ ಸೂಕ್ಷ್ಮದರ್ಶಕದ ಮುಂದೆ ಕೂರಬಹುದಾಗಿತ್ತು. ಮನೆಯಲ್ಲೂ ಎಲ್ಲ ಮೊದಲಿನಂತಾಗುತ್ತಿತ್ತು, ಹಾಗೆ ಕಾಣುವಷ್ಟಾದರೂ. ಬದಲಿಗೆ ಅವರು ಒಪ್ಪಬೇಕಾಗಿದ್ದದ್ದು ಇಷ್ಟೇ: ಹೊರಗೆ ಹೋದ ಬಾಟಲಿಯನ್ನು ತಾವೇ ಒಳಗೆ ತಂದದ್ದು ಎಂದು.

"ನಾನು ಬಾಟಲಿ ವಾಪಸ್ ತಂದಿಲ್ಲ ಸರ್," ಎಂದರು ಸಾಕಮ್ಮ.

ನಿರ್ದೇಶಕರ ಕೈಯಲ್ಲಿದ್ದ ಪೆನ್ನು ನಿಂತಿತು. "ತಪ್ಪಲ್ಲ ಅಂತ ಹೇಳಿದೆನಲ್ಲ. ಯಾರಿಗಾದ್ರೂ ಆಗುತ್ತೆ."

"ಯಾರಿಗಾದ್ರೂ ಆಗಬಹುದು ಸರ್. ನನಗೆ ಆಗಿಲ್ಲ."

ನಿರ್ದೇಶಕರು ನಾದಿನಿಯ ಕಡೆ ತಿರುಗಿದರು. ಅವಳು ಕಿಟಕಿಯಿಂದ ಕಣ್ಣು ತೆಗೆದು, ಮೇಜಿನತ್ತ ನೋಡುತ್ತ, ಮೆಲ್ಲಗೆ ಹೇಳಿದಳು: "ಅತ್ತಿಗೆಗೆ ನೆನಪಿಲ್ಲ ಅನ್ಸುತ್ತೆ ಸರ್."

ಅದನ್ನು ಅವಳು ಎಷ್ಟು ಮೃದುವಾಗಿ ಹೇಳಿದಳೆಂದರೆ, ಸಾಕಮ್ಮನಿಗೆ ಅರೆಕ್ಷಣ ತಮ್ಮ ನೆನಪಿನ ಮೇಲೆಯೇ ಅನುಮಾನ ಬಂತು. ಆಮೇಲೆ ಹೋಯಿತು. ಅವರು ಕುರ್ಚಿ ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದರು.

"ಅದನ್ನ ಒಪ್ಕೊಂಡು ಆ ಕೋಣೆಗೆ ಹೋಗೋಕೆ ನನಗೆ ಆಗಲ್ಲ ಸರ್. ತೊಳೆಯೋ ಕೋಣೇಲಿ ಇರ್ತೀನಿ. ಅಲ್ಲೂ ಕೆಲಸ ಇದೆ."

"ಯೋಚನೆ ಮಾಡಿ ಸಾಕಮ್ಮನವರೇ," ಎಂದರು ನಿರ್ದೇಶಕರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ತೊಳೆಯುವ ಕೋಣೆಗೆ ಬಂದಾಗ ಹಬೆಯಂತ್ರದ ಮುಳ್ಳು ಇಳಿಯುತ್ತಿತ್ತು. ಸಾಕಮ್ಮ ದಪ್ಪ ಕೈಗವಸು ಹಾಕಿಕೊಂಡು ಕಾದರು. ಸ್ವಲ್ಪ ಹೊತ್ತಿಗೆ ನಾದಿನಿ ಬಾಗಿಲಲ್ಲಿ ಬಂದು ನಿಂತಳು. ಓಡಿ ಬಂದವಳಂತೆ ಉಸಿರು ಬಿಡುತ್ತಿದ್ದಳು.

"ಅತ್ತಿಗೆ, ಹಾಗೆ ಹೇಳಿದ್ರೆ ಇಬ್ಬರಿಗೂ ಒಳ್ಳೇದಾಗುತ್ತೆ ಅಂದ್ಕೊಂಡೆ. ನಿಮಗೆ ಕೋಣೆ ಸಿಗುತ್ತೆ, ನನಗೂ ಏನೂ ಆಗಲ್ಲ. ಅಣ್ಣನೂ ಅದೇ ಅಂದ್ರು."

"ಅಣ್ಣನೂ ಅಂದ್ರಾ?"

"ಬೈಯಿರಿ. ಎರಡೇಟು ಹಾಕಿ ಬೇಕಾದ್ರೆ. ಹೀಗೆ ಸುಮ್ನೆ ಇರ್ಬೇಡಿ."

"ಕೈಗವಸು ಒದ್ದೆಯಾಗಿದೆ," ಎಂದರು ಸಾಕಮ್ಮ. "ಆಚೆ ನಿಂತ್ಕೋ, ಹಬೆ ಬರುತ್ತೆ."

ಯಂತ್ರದ ಬಾಗಿಲು ತೆರೆದರು. ಬಿಳಿ ಹಬೆ ಇಬ್ಬರ ನಡುವೆ ತುಂಬಿಕೊಂಡಿತು, ಚಾವಣಿಗೆ ಏರಿ ಕರಗಿತು. ನಾದಿನಿ ಅಲ್ಲಿಂದ ಕದಲಿರಲಿಲ್ಲ.

"ನೀವು ಹೇಳಿದ್ರೆ ಈಗ್ಲೇ ಮೇಲೆ ಹೋಗಿ ನಿಜ ಹೇಳ್ಬಿಡ್ತೀನಿ ಅತ್ತಿಗೆ. ಕೆಲಸ ಹೋದ್ರೂ ಹೋಗ್ಲಿ. ಒಂದು ಮಾತು, ಹೋಗು ಅನ್ನಿ."

ಸಾಕಮ್ಮ ಅವಳ ಮುಖವನ್ನು ನೋಡಿದರು. ಹೋಗು ಎಂದರೆ ಇವಳ ಕೆಲಸ ಕಳೆದವರು ಅತ್ತಿಗೆ ಎಂದಾಗುತ್ತದೆ. ಬೇಡ ಎಂದರೆ ಅತ್ತಿಗೆಯೇ ಕ್ಷಮಿಸಿದರು ಎಂದಾಗುತ್ತದೆ. ಎರಡರಲ್ಲಿ ಯಾವುದಾದರೂ ಒಂದನ್ನು ಅವರ ಬಾಯಿಂದ ಹೊರಡಿಸಿಕೊಂಡು ಹೋಗಲು ಹುಡುಗಿ ಬಂದಿದ್ದಳು.

"ಅವತ್ತು ಕೆಳಗೆ ನಿನ್ನ ಕೋಣೇಲಿ ಹೇಳಿದೀನಿ," ಎಂದರು. "ಇನ್ನೊಂದು ಸಲ ಹೇಳಲ್ಲ."

ನಾದಿನಿ ಮತ್ತೆ ಅತ್ತಿಗೆ ಎಂದಳು. ಸಾಕಮ್ಮ ತಿರುಗಲಿಲ್ಲ; ಬುಟ್ಟಿ ಎಳೆದು ತೊಟ್ಟಿಯ ಪಕ್ಕದ ಕಟ್ಟೆಯ ಮೇಲಿಟ್ಟರು. ಬೆನ್ನ ಹಿಂದೆ ಹೆಜ್ಜೆಗಳು ಮೊಗಸಾಲೆಗೆ ಹೋಗಿ ಮೆಟ್ಟಿಲಿನ ಹತ್ತಿರ ನಿಂತದ್ದು ಕೇಳಿಸಿತು. ನಿರ್ದೇಶಕರ ಕೋಣೆ ಮೇಲಿನ ಮಹಡಿಯಲ್ಲಿತ್ತು, ಬ್ಯಾಕ್ಟೀರಿಯಾ ಕೋಣೆ ಕೆಳಗೆ. ಸಾಕಮ್ಮ ಕೈಗವಸು ತೆಗೆಯದೆ, ಉಸಿರು ಬಿಗಿಹಿಡಿದು ಕೇಳಿಸಿಕೊಂಡರು.

ಹೆಜ್ಜೆಗಳು ಕೆಳಗಿಳಿದವು.